‘ನರ್ಸ್ ಆದಮೇಲೆ ಇದೆಲ್ಲ ಮಾಮೂಲು’ ಎನ್ನುವುದು ನಿಜವೇ? ಊರೂರು ತಿರುಗುವ ನರ್ಸ್‌ಗಳ ಒತ್ತಡ: ನಂಬಿಕೆ, ವಾಸ್ತವ, ದಾರಿ

‘ದಿನಾ ಸಾವು ನೋವು ನೋಡಿ ನರ್ಸ್‌ಗಳ ಮನಸ್ಸು ಕಲ್ಲಾಗಿರುತ್ತದೆ.’ ‘ಟೆನ್ಷನ್ ಆದರೆ ಈ ಕಷಾಯ ಕುಡಿಯಿರಿ, ಐದೇ ನಿಮಿಷದಲ್ಲಿ ಮಾಯ.’ ‘ನೈಟ್ ಡ್ಯೂಟಿ ಮಾಡುವವರಿಗೆ ಕ್ಯಾನ್ಸರ್ ಗ್ಯಾರಂಟಿ.’ ಇಂಥ ಸಾಲುಗಳು ನಿಮ್ಮ ಫೋನಿಗೂ ಬಂದಿರಬಹುದು. ನೀವೂ ಯಾರಿಗಾದರೂ ಕಳಿಸಿರಬಹುದು. ಇವುಗಳಲ್ಲಿ ಒಂದಷ್ಟು ಪೂರ್ತಿ ಸುಳ್ಳು, ಒಂದಷ್ಟು ಅರ್ಧ ಸತ್ಯ. ಅರ್ಧ ಸತ್ಯವೇ ಹೆಚ್ಚು ಅಪಾಯಕಾರಿ.

ಈ ಲೇಖನದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಒಂದೇ ಕಡೆ ನೆಲೆ ನಿಲ್ಲದೆ ಕೆಲಸ ಮಾಡುವ ನರ್ಸ್‌ಗಳ ಒತ್ತಡದ ಬಗ್ಗೆ ನೋಡೋಣ. ಒತ್ತಡ ಎಂದರೇನು, ಅದು ಇವರಲ್ಲಿ ಏಕೆ ಹೆಚ್ಚು, ಯಾವ ನಂಬಿಕೆ ತಪ್ಪು, ಏನು ಮಾಡಿದರೆ ನಿಜಕ್ಕೂ ಉಪಯೋಗ ಎಂಬುದನ್ನು ಒಂದೊಂದಾಗಿ ಬಿಡಿಸುತ್ತೇವೆ.

ಊರೂರು ತಿರುಗುವ ನರ್ಸ್ ಎಂದರೆ ಯಾರು?

ಅಮೆರಿಕದಲ್ಲಿ ‘ಟ್ರಾವೆಲ್ ನರ್ಸ್’ ಎಂಬ ಪ್ರತ್ಯೇಕ ಉದ್ಯೋಗವೇ ಇದೆ. ಏಜೆನ್ಸಿಯೊಂದರ ಮೂಲಕ ಸಾಮಾನ್ಯವಾಗಿ 13 ವಾರಗಳ ಒಪ್ಪಂದಕ್ಕೆ ಒಂದು ಊರಿನ ಆಸ್ಪತ್ರೆಗೆ ಹೋಗುವುದು, ಅದು ಮುಗಿದ ಮೇಲೆ ಇನ್ನೊಂದು ಊರು. ನಮ್ಮಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಆದರೆ ಕೆಲಸ ಇದೆ.

ಮಲೆನಾಡಿನ ಆರೋಗ್ಯ ವ್ಯವಸ್ಥೆಯಲ್ಲಿ ಇಂಥವರು ಮೂರ್ನಾಲ್ಕು ಬಗೆಯವರು. ಮೊದಲನೆಯವರು ಮೊದಲು ಎಎನ್ಎಂ ಎಂದೂ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದೂ ಕರೆಯಲಾಗುವ, ಹಳ್ಳಿ ಜನ ಇಂದಿಗೂ ‘ಸಿಸ್ಟರ್’ ಎಂದೇ ಕರೆಯುವವರು. ಎರಡನೆಯವರು ಬಿ.ಎಸ್ಸಿ ನರ್ಸಿಂಗ್ ಓದಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಗುತ್ತಿಗೆ ಮೇಲೆ ಇರುವವರು. ಮೂರನೆಯವರು ಆಸ್ಪತ್ರೆಯ ಶುಶ್ರೂಷಾಧಿಕಾರಿಗಳು. ಇವರ ಹುದ್ದೆ ಒಂದು ಕಡೆ, ‘ನಿಯೋಜನೆ’ಯ ಆದೇಶ ಬಂದರೆ ಕೆಲಸ ಇನ್ನೊಂದು ಕಡೆ. ನಾಲ್ಕನೆಯವರು ಊರು ಬಿಟ್ಟು ಮಂಗಳೂರು, ಮಣಿಪಾಲ, ಬೆಂಗಳೂರು ಅಥವಾ ಗಲ್ಫ್ ದೇಶಗಳ ಆಸ್ಪತ್ರೆಗಳಿಗೆ ಹೋದ ನಮ್ಮ ಮನೆ ಮಕ್ಕಳು.

ಒಂದು ಲೆಕ್ಕ ನೋಡಿ. ಸರ್ಕಾರದ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು. ಗುಡ್ಡಗಾಡಿನಲ್ಲಿ ಜನ ಕಡಿಮೆ ಎಂದರೆ ಕೆಲಸ ಕಡಿಮೆ ಎಂದು ಅನ್ನಿಸಬಹುದು. ಆದರೆ ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ಈಚೆ ಒಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ. ಒಂದು ಮಗುವಿನ ಲಸಿಕೆಗೆ ಅರ್ಧ ದಿನದ ನಡಿಗೆ ಆಗಬಹುದು.

ಮಲೆನಾಡಿನಲ್ಲಿ ಒತ್ತಡಕ್ಕೂ ಋತುಗಳಿವೆ

ಮೊದಲನೆಯದು ಮಂಗನ ಕಾಯಿಲೆಯ ಕಾಲ. ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಕೆಎಫ್‌ಡಿ ಎಂದು ಕರೆಯುವ ಈ ಜ್ವರವನ್ನು 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ವೈರಸ್ ಹರಡುವುದು ಉಣ್ಣೆಗಳ ಕಡಿತದಿಂದ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಪ್ರಕರಣಗಳು ಹೆಚ್ಚು. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ನಿರ್ದಿಷ್ಟ ಔಷಧ ಇಲ್ಲ. ಜ್ವರ, ರಕ್ತಸ್ರಾವ, ನಿರ್ಜಲೀಕರಣಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಅಂದರೆ ಇಲ್ಲಿ ಚಿಕಿತ್ಸೆಯ ದೊಡ್ಡ ಪಾಲು ನರ್ಸಿಂಗ್ ಆರೈಕೆಯೇ.

2018ರ ಕೊನೆ ಮತ್ತು 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಈ ಕಾಯಿಲೆಯಿಂದ ಪ್ರಾಣ ಕಳೆದುಕೊಂಡರು. ಗಂಭೀರವಾದ ರೋಗಿಗಳನ್ನು ಮಣಿಪಾಲದವರೆಗೆ ಸಾಗಿಸಬೇಕಾಯಿತು. ಇಂಥ ಸಮಯದಲ್ಲಿ ಬೇರೆ ಕಡೆಯ ಸಿಬ್ಬಂದಿಯನ್ನೂ ಪೀಡಿತ ಪ್ರದೇಶಕ್ಕೆ ಹಾಕಲಾಗುತ್ತದೆ. ಮನೆ ಮನೆಗೆ ಹೋಗಿ ಜ್ವರ ಕೇಳುವುದು, ಕಾಡಿಗೆ ಹೋಗುವವರಿಗೆ ಡೇಪಾ ಎಣ್ಣೆ ಕೊಡುವುದು, ರಕ್ತದ ಮಾದರಿ ತೆಗೆದು ಕಳಿಸುವುದು, ಸತ್ತ ಮಂಗದ ಸುದ್ದಿ ಬಂದರೆ ಮೇಲಕ್ಕೆ ತಿಳಿಸುವುದು ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮೊದಲು ಕೊಡುತ್ತಿದ್ದ ಲಸಿಕೆಯೂ ಪರಿಣಾಮ ಸಾಲದು ಎಂದು ಈಗ ನಿಂತಿದೆ. ‘ನಮಗೆ ಲಸಿಕೆ ಯಾವಾಗ?’ ಎಂದು ಜನ ಕೇಳುವುದು ಬೆಂಗಳೂರಿನಲ್ಲಿ ಕೂತವರನ್ನಲ್ಲ, ಬಾಗಿಲಿಗೆ ಬಂದ ಸಿಸ್ಟರನ್ನು.

ಎರಡನೆಯದು ಮಳೆಗಾಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಮರ ಬಿದ್ದರೆ ಬಸ್ ಇಲ್ಲ, ಕರೆಂಟ್ ಹೋದರೆ ನೆಟ್‌ವರ್ಕ್ ಇಲ್ಲ. ಸಾಗರ ತಾಲ್ಲೂಕಿನ ತುಮರಿ ಭಾಗದವರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಶರಾವತಿ ಹಿನ್ನೀರಿನ ಲಾಂಚ್ ನಂಬಿಕೊಂಡೇ ಬದುಕಿದವರು. ಹೆರಿಗೆ ನೋವು ಶುರುವಾದ ಹೆಂಗಸು ಲಾಂಚ್‌ನ ಸಮಯ ಕೇಳಿ ನೋವು ತಿನ್ನಲಾಗುವುದಿಲ್ಲವಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಒಂದು ಸೇತುವೆ ಎಷ್ಟು ಮಂದಿಯ ರಕ್ತದೊತ್ತಡ ಇಳಿಸಬಲ್ಲದು ಎನ್ನುವುದು ಅಲ್ಲಿ ರಾತ್ರಿ ಡ್ಯೂಟಿ ಮಾಡಿದವರಿಗೆ ಗೊತ್ತು.

ಒತ್ತಡ ಎಂದರೆ ದೇಹದೊಳಗೆ ಏನಾಗುತ್ತದೆ?

ಅಪಾಯ ಕಂಡಾಗ ಮಿದುಳು ಅಡ್ರಿನಲ್ ಗ್ರಂಥಿಗಳಿಗೆ ಸೂಚನೆ ಕೊಡುತ್ತದೆ. ಅಡ್ರಿನಲಿನ್ ಬಿಡುಗಡೆಯಾಗಿ ಹೃದಯ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಸ್ವಲ್ಪ ಹೊತ್ತಿನ ನಂತರ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ ದೇಹಕ್ಕೆ ಬೇಕಾದ ಸಕ್ಕರೆ ಅಂಶವನ್ನು ರಕ್ತಕ್ಕೆ ಒದಗಿಸುತ್ತದೆ. ಇದು ಕಾಯಿಲೆಯಲ್ಲ, ರಕ್ಷಣೆ. ಹೆರಿಗೆಯಲ್ಲಿ ರಕ್ತಸ್ರಾವ ಶುರುವಾದಾಗ ನರ್ಸ್ ಕೈ ಚುರುಕಾಗುವುದು ಇದೇ ಕಾರಣಕ್ಕೆ.

ತೊಂದರೆ ಬರುವುದು ಈ ಗಂಟೆ ಬಾರಿಸಿದ್ದು ನಿಲ್ಲದೇ ಹೋದಾಗ. ವಾರ, ತಿಂಗಳು ಹೀಗೇ ಇದ್ದರೆ ನಿದ್ದೆ ಕೆಡುತ್ತದೆ, ತಲೆನೋವು, ಗ್ಯಾಸ್ಟ್ರಿಕ್, ಮುಟ್ಟಿನ ಏರುಪೇರು, ಸಿಡುಕು, ಮರೆವು ಬರುತ್ತವೆ. ಔಷಧದ ಪ್ರಮಾಣವನ್ನು ಎರಡು ಸಲ ಲೆಕ್ಕ ಹಾಕಿದರೂ ಅನುಮಾನ ಹೋಗುವುದಿಲ್ಲ. ಈ ಹಂತದಲ್ಲಿ ತೊಂದರೆ ನರ್ಸ್‌ಗೆ ಮಾತ್ರ ಅಲ್ಲ, ರೋಗಿಗೂ.

ತಿರುಗಾಟದ ಕೆಲಸದಲ್ಲಿ ಒತ್ತಡ ಏಕೆ ಜಾಸ್ತಿ?

ಕೆಲಸ ಹೆಚ್ಚಾದರೆ ಒತ್ತಡ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಿಸಿದರು. ಕೆಲಸದ ಭಾರ ಹೆಚ್ಚಿದ್ದು, ಅದನ್ನು ಹೇಗೆ ಯಾವಾಗ ಮಾಡಬೇಕೆಂಬ ಹಿಡಿತ ಕಡಿಮೆ ಇದ್ದಾಗ ಮನುಷ್ಯ ಹೆಚ್ಚು ಕುಗ್ಗುತ್ತಾನೆ ಎಂಬುದು ಅವರ ವಾದ. ನಂತರ ಬಂದ ಸಂಶೋಧಕರು ಮೂರನೆಯ ಅಂಶ ಸೇರಿಸಿದರು: ಜೊತೆಗಾರರ ಆಸರೆ.

ಈಗ ನಿಯೋಜನೆಯ ಮೇಲೆ ಹೋದ ನರ್ಸ್‌ನ ಪರಿಸ್ಥಿತಿಗೆ ಇದನ್ನು ಹೋಲಿಸಿ. ರೋಗಿಗಳು ಹೆಚ್ಚು, ಅಂದರೆ ಭಾರ ಹೆಚ್ಚು. ಆದೇಶ ಬಂದದ್ದು ಹಿಂದಿನ ದಿನ ಸಂಜೆ, ಎಷ್ಟು ದಿನ ಎಂದು ಬರೆದಿಲ್ಲ, ಅಂದರೆ ಹಿಡಿತ ಇಲ್ಲ. ಹೊಸ ಜಾಗದಲ್ಲಿ ಯಾರ ಪರಿಚಯವೂ ಇಲ್ಲ, ಅಂದರೆ ಆಸರೆ ಇಲ್ಲ. ಮೂರೂ ಒಟ್ಟಿಗೆ. ಹಾಗಾಗಿ ‘ಅದೇ ಕೆಲಸ, ಊರು ಮಾತ್ರ ಬೇರೆ’ ಎನ್ನುವುದು ಸರಿಯಲ್ಲ. ಊರು ಬೇರೆಯಾದಾಗ ಕೆಲಸವೂ ಬೇರೆಯೇ ಆಗುತ್ತದೆ.

ಗುತ್ತಿಗೆ ಕೆಲಸದವರಿಗೆ ಇನ್ನೊಂದು ಚಿಂತೆ: ಮುಂದಿನ ವರ್ಷ ನವೀಕರಣ ಆಗುತ್ತದೋ ಇಲ್ಲವೋ. ಈ ಭಯದಲ್ಲೇ ಹಲವರು ರಜೆ ಕೇಳುವುದಿಲ್ಲ, ಅನ್ಯಾಯ ಆದರೂ ಹೇಳುವುದಿಲ್ಲ.

ನಂಬಿಕೆಗಳು ಮತ್ತು ವಾಸ್ತವ

ನಂಬಿಕೆ 1: ‘ಒತ್ತಡ ಬರುವುದು ದುರ್ಬಲ ಮನಸ್ಸಿನವರಿಗೆ.’
ವಾಸ್ತವ: ಮೇಲೆ ಹೇಳಿದ ಹಾರ್ಮೋನುಗಳು ಎಲ್ಲರ ದೇಹದಲ್ಲೂ ಇವೆ. ನಿದ್ದೆ, ಆಸರೆ, ಹಿಡಿತ ಮೂರನ್ನೂ ಕಿತ್ತುಕೊಂಡರೆ ಎಂಥ ಗಟ್ಟಿಗರೂ ಬಾಗುತ್ತಾರೆ.

ನಂಬಿಕೆ 2: ‘ನೋಡಿ ನೋಡಿ ಅಭ್ಯಾಸ ಆಗುತ್ತದೆ.’
ವಾಸ್ತವ: ಕೈಯ ಕೆಲಸ ಅಭ್ಯಾಸವಾಗುತ್ತದೆ. ಆದರೆ ರೋಗಿಯ ಅಳು ಕೇಳಿದರೂ ಏನೂ ಅನ್ನಿಸದೇ ಹೋಗುವುದು ಅಭ್ಯಾಸವಲ್ಲ, ಅದು ಬರ್ನೌಟ್‌ನ ಲಕ್ಷಣಗಳಲ್ಲಿ ಒಂದು. ಬರ್ನೌಟ್ ಎಂದರೆ ಕೆಲಸದಿಂದಲೇ ಬರುವ ದಣಿವು. ಇದಕ್ಕೆ ಮೂರು ಗುರುತುಗಳು: ವಿಶ್ರಾಂತಿ ತೆಗೆದುಕೊಂಡರೂ ಹೋಗದ ಆಯಾಸ, ಕೆಲಸದ ಮೇಲೆ ಬೇಸರ ಅಥವಾ ನಿರ್ಲಿಪ್ತತೆ, ‘ನಾನು ಮಾಡಿದ್ದೆಲ್ಲ ದಂಡ’ ಎಂಬ ಭಾವನೆ.

ನಂಬಿಕೆ 3: ‘ಬರ್ನೌಟ್ ಒಂದು ಮಾನಸಿಕ ಕಾಯಿಲೆ.’
ವಾಸ್ತವ: ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ರೋಗ ವರ್ಗೀಕರಣದಲ್ಲಿ ಇದನ್ನು ಕಾಯಿಲೆ ಎಂದು ಹಾಕಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಹಾಕಿದೆ. ವ್ಯತ್ಯಾಸ ಮುಖ್ಯ. ಕಾಯಿಲೆ ಎಂದರೆ ವ್ಯಕ್ತಿಗೆ ಮದ್ದು ಕೊಟ್ಟು ಸುಮ್ಮನಾಗಬಹುದು. ಉದ್ಯೋಗದ ಸಮಸ್ಯೆ ಎಂದರೆ ಡ್ಯೂಟಿ ಪಟ್ಟಿಯನ್ನೂ ಸರಿಪಡಿಸಬೇಕು. ಆದರೆ ಖಿನ್ನತೆ ಖಂಡಿತ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆಯಿಂದ ಗುಣವೂ ಆಗುತ್ತದೆ.

ನಂಬಿಕೆ 4: ‘ನೈಟ್ ಡ್ಯೂಟಿ ಮಾಡಿದರೆ ಕ್ಯಾನ್ಸರ್ ಗ್ಯಾರಂಟಿ.’
ವಾಸ್ತವ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿದ್ದು ನಿಜ. ಆ ಗುಂಪಿನಲ್ಲಿ ಕುರಿ, ದನ, ಹಂದಿಯ ಮಾಂಸವೂ ಇದೆ. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ವರ್ಷಗಟ್ಟಲೆ ಬಿಡುವಿಲ್ಲದೆ ರಾತ್ರಿ ಪಾಳಿ ಬೇಡ ಎನ್ನಲು ಇದು ಕಾರಣ, ತಿಂಗಳಿಗೆ ಕೆಲವು ರಾತ್ರಿ ದುಡಿಯುವವರನ್ನು ಹೆದರಿಸಲು ಅಲ್ಲ.

ನಂಬಿಕೆ 5: ‘ನಿದ್ದೆ ಬರದಿದ್ದರೆ ಅರ್ಧ ಮಾತ್ರೆ ನುಂಗಿದರಾಯಿತು.’
ವಾಸ್ತವ: ಇದು ನರ್ಸ್‌ಗಳಿಗೆ ವಿಶೇಷವಾಗಿ ಅಪಾಯಕಾರಿ, ಏಕೆಂದರೆ ಮಾತ್ರೆ ಕೈಗೆಟುಕುವ ದೂರದಲ್ಲೇ ಇರುತ್ತದೆ. ಆಲ್ಪ್ರಜೋಲಾಂ, ಡಯಾಜೆಪಾಂ ಜಾತಿಯ ಮಾತ್ರೆಗಳನ್ನು ದಿನಾ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಅವಕ್ಕೆ ಒಗ್ಗಿಹೋಗಬಹುದು. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಕಳವಳ ಇಮ್ಮಡಿಯಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ಬಿಡಬೇಡಿ, ವೈದ್ಯರ ಸಲಹೆಯಂತೆ ಮೆಲ್ಲಗೆ ಕಡಿಮೆ ಮಾಡಿ. ಮದ್ಯದ ಕಥೆಯೂ ಇಷ್ಟೇ. ಬೇಗ ಮಂಪರು ತರುತ್ತದೆ, ನಡುರಾತ್ರಿಯ ನಂತರದ ನಿದ್ದೆ ಕೆಡಿಸುತ್ತದೆ.

ನಂಬಿಕೆ 6: ‘ಅಶ್ವಗಂಧ ತಿಂದರೆ ಒತ್ತಡ ಬುಡಸಮೇತ ಹೋಗುತ್ತದೆ.’
ವಾಸ್ತವ: ಕೆಲವು ಸಣ್ಣ ಪ್ರಯೋಗಗಳಲ್ಲಿ ಸ್ವಲ್ಪ ಮಟ್ಟಿನ ಉಪಯೋಗ ಕಂಡಿದೆ. ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಗರ್ಭಿಣಿಯರು, ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮೂರು ರಾತ್ರಿ ಸತತ ಡ್ಯೂಟಿ ಹಾಕಿದ್ದಕ್ಕೆ ಯಾವ ಬೇರೂ ಮದ್ದಲ್ಲ.

ನಂಬಿಕೆ 7: ‘ಮಂಗನ ಕಾಯಿಲೆ ರೋಗಿಯನ್ನು ನೋಡಿಕೊಂಡ ನರ್ಸ್‌ನಿಂದ ನಮಗೂ ಬರುತ್ತದೆ.’
ವಾಸ್ತವ: ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಬರುವುದು ಉಣ್ಣೆಯಿಂದ. ಪ್ರಯೋಗಾಲಯದಲ್ಲಿ ವೈರಸ್ ಜೊತೆ ಕೆಲಸ ಮಾಡಿದವರಿಗೆ ಸೋಂಕು ತಗುಲಿದ ಉದಾಹರಣೆಗಳಿವೆ, ಆದ್ದರಿಂದ ರಕ್ತದ ಮಾದರಿ ಮುಟ್ಟುವಾಗ ಕೈಗವಸು ಮತ್ತು ಎಚ್ಚರ ಬೇಕೇ ಬೇಕು. ಆದರೆ ಸಿಸ್ಟರಿಗೆ ಬಾಡಿಗೆ ಮನೆ ಕೊಡದಿರುವುದು, ಅವರ ಮಗುವನ್ನು ದೂರ ಇಡುವುದು ಶುದ್ಧ ತಪ್ಪು.

ನಂಬಿಕೆ 8: ‘ಮನೋವೈದ್ಯರನ್ನು ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ, ಕೆಲಸಕ್ಕೆ ಕುತ್ತು.’
ವಾಸ್ತವ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ಗೋಪ್ಯತೆ ರೋಗಿಯ ಹಕ್ಕು. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಅದನ್ನು ಹೊರಗೆ ಹೇಳುವಂತಿಲ್ಲ.

ಬೆಳಗಿನ ಸ್ಕೂಟಿ ಪ್ರಯಾಣ: ಯಾರೂ ಹೇಳದ ಅಪಾಯ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರ ಇದ್ದವರ ಚುರುಕುತನ ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಆದರೆ ಸುಮಾರು ಶೇ 0.10ರ ಮಟ್ಟ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ ಶೇ 0.03.

ಈಗ ಲೆಕ್ಕ ಹಾಕೋಣ. ಬೆಳಿಗ್ಗೆ 6ಕ್ಕೆ ಎದ್ದು ತಿಂಡಿ, ಅಡುಗೆ, ಮಕ್ಕಳ ಶಾಲೆ ಮುಗಿಸಿ, ಹಗಲು ಮಲಗದೆ, ರಾತ್ರಿ 8ಕ್ಕೆ ಡ್ಯೂಟಿಗೆ ಹೋದವರಿಗೆ ರಾತ್ರಿ 11ಕ್ಕೇ 17 ಗಂಟೆ ಆಯಿತು. ಮರುದಿನ ಬೆಳಿಗ್ಗೆ 8ಕ್ಕೆ ಸ್ಕೂಟಿ ಹತ್ತುವಾಗ 26 ಗಂಟೆ. ಒಂದು ಹನಿ ಕುಡಿಯದೆಯೂ ಅವರು ಕುಡಿದವರಷ್ಟೇ ಮಂಕಾಗಿರುತ್ತಾರೆ. ಅದರ ಮೇಲೆ ಮಂಜು, ತಿರುವು, ಎದುರಿಗೆ ಮರಳು ಲಾರಿ.

ಪರಿಹಾರ ಸರಳ, ಆದರೆ ಮನೆಯವರ ಸಹಕಾರ ಬೇಕು. ರಾತ್ರಿ ಡ್ಯೂಟಿಯ ದಿನ ಮಧ್ಯಾಹ್ನ ಕನಿಷ್ಠ ಒಂದೂವರೆ ಗಂಟೆ ಮಲಗಬೇಕು. ಬೆಳಿಗ್ಗೆ ಬಸ್‌ನಲ್ಲಿ ಬರುವುದು, ಇಲ್ಲವೇ ಮನೆಯಿಂದ ಯಾರಾದರೂ ಹೋಗಿ ಕರೆತರುವುದು ಒಳ್ಳೆಯದು. ಎರಡೂ ಆಗದಿದ್ದರೆ ಆಸ್ಪತ್ರೆಯಲ್ಲೇ 20 ನಿಮಿಷ ಮಲಗಿ, ಮುಖ ತೊಳೆದು, ಪೂರ್ತಿ ಎಚ್ಚರವಾದ ಮೇಲೆ ಹೊರಡಿ. ಕಾಫಿ, ಟೀ ಡ್ಯೂಟಿಯ ಮೊದಲರ್ಧದಲ್ಲಿ ಮಾತ್ರ. ಕುಡಿದ ಐದು ಗಂಟೆಯ ನಂತರವೂ ಅದರ ಕೆಫೀನ್‌ನ ಸುಮಾರು ಅರ್ಧ ದೇಹದಲ್ಲೇ ಇರುತ್ತದೆ.

ನರ್ಸ್‌ಗಳು ತಾವೇ ಮಾಡಿಕೊಳ್ಳಬಹುದಾದದ್ದು

ಹೊಸ ಜಾಗಕ್ಕೆ ಹೋಗುವ ಮೊದಲು ಆರು ಪ್ರಶ್ನೆ ಕೇಳಿ: ಎಷ್ಟು ದಿನ? ಯಾರಿಗೆ ವರದಿ ಮಾಡಬೇಕು? ಉಳಿಯಲು ಎಲ್ಲಿ? ಕೊನೆಯ ಬಸ್ ಎಷ್ಟು ಹೊತ್ತಿಗೆ? ಫೋನಿಗೆ ನೆಟ್‌ವರ್ಕ್ ಸಿಗುವ ಜಾಗ ಯಾವುದು? 108 ಕರೆದರೆ ಬರಲು ಎಷ್ಟು ಹೊತ್ತು? ಉತ್ತರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಮೊದಲೇ ಗೊತ್ತಿದ್ದರೆ ಹಿಡಿತ ಸ್ವಲ್ಪ ನಿಮ್ಮ ಕೈಗೆ ಬರುತ್ತದೆ.

ಮೊದಲ ವಾರದಲ್ಲಿ ಒಬ್ಬರನ್ನಾದರೂ ಪರಿಚಯ ಮಾಡಿಕೊಳ್ಳಿ. ಬಹುತೇಕ ಸಲ ಅದು ಆ ಊರಿನ ಆಶಾ ಕಾರ್ಯಕರ್ತೆ ಆಗಿರುತ್ತಾರೆ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಸಂಕ ಮಳೆಗೆ ಮುಳುಗುತ್ತದೆ, ಯಾರ ಮನೆಯ ಹಿರಿಯರು ಒಪ್ಪಿದರೆ ಇಡೀ ಕೇರಿ ಲಸಿಕೆಗೆ ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು.

ಕಾಡಂಚಿಗೆ ಹೋಗುವಾಗ ತುಂಬು ತೋಳಿನ ಬಟ್ಟೆ, ಡೇಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ‘ನನಗೂ ಬಂದರೆ?’ ಎಂಬ ಭಯ ಕಡಿಮೆ ಮಾಡುವ ಅತ್ಯುತ್ತಮ ಉಪಾಯ ಧೈರ್ಯ ಹೇಳಿಕೊಳ್ಳುವುದಲ್ಲ, ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದು.

ಎದೆ ಹೊಡೆದುಕೊಳ್ಳುವಾಗ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ, ಇದು ಅದನ್ನೇ ಬಳಸಿಕೊಳ್ಳುವ ಉಪಾಯ. ಪವಾಡವಲ್ಲ, ಆದರೆ ಖರ್ಚಿಲ್ಲ, ಅಡ್ಡ ಪರಿಣಾಮವೂ ಇಲ್ಲ.

ಒಂದು ಸಾವಿನ ನಂತರ ಹತ್ತು ನಿಮಿಷವಾದರೂ ಕೂತುಕೊಳ್ಳಿ, ನೀರು ಕುಡಿಯಿರಿ. ಜೊತೆಗಾರರು ಪಕ್ಕದಲ್ಲಿದ್ದು ‘ಏನಾದರೂ ಬೇಕಾ?’ ಎಂದು ಕೇಳಿದರೆ ಸಾಕು. ಆದದ್ದನ್ನೆಲ್ಲ ಅದೇ ದಿನ ಕೂರಿಸಿಕೊಂಡು ಹೇಳಿಸುವುದು ಒಳ್ಳೆಯದು ಎಂಬ ನಂಬಿಕೆ ಹಿಂದೆ ಇತ್ತು. ಒಂದೇ ಸಲ ಹೀಗೆ ಒತ್ತಾಯದಿಂದ ಮಾತಾಡಿಸುವುದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಹೇಳಬೇಕೆನಿಸಿದಾಗ ಕೇಳುವವರಿರಬೇಕು, ಅಷ್ಟೇ.

ಮನೆಗೆ ಬಂದ ಮೇಲೆ ಡ್ಯೂಟಿ ವಾಟ್ಸ್ಆಪ್ ಗ್ರೂಪನ್ನು ಮ್ಯೂಟ್ ಮಾಡಿ. ತುರ್ತು ಇದ್ದರೆ ಕರೆ ಮಾಡಲಿ ಎಂದು ಮೊದಲೇ ಹೇಳಿಡಿ.

ಎಲ್ಲವನ್ನೂ ನರ್ಸೇ ಮಾಡಬೇಕೇ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕೆಲಸದ ಪರಿಸ್ಥಿತಿಯನ್ನೇ ಬದಲಿಸುವುದು, ಮೇಲಧಿಕಾರಿಗಳಿಗೆ ತರಬೇತಿ ಕೊಡುವುದು ಸೇರಿವೆ. ಯೋಗ ದಿನದ ಫೋಟೋ ಮಾತ್ರ ಸಾಲದು.

ಮೇಲಧಿಕಾರಿಗಳು ಮಾಡಬಹುದಾದದ್ದು: ನಿಯೋಜನೆಯ ಆದೇಶದಲ್ಲಿ ಮುಗಿಯುವ ದಿನಾಂಕ ಬರೆಯುವುದು, ಡ್ಯೂಟಿ ಪಟ್ಟಿಯನ್ನು ವಾರ ಮೊದಲೇ ಕೊಡುವುದು, ಎರಡು ಪಾಳಿಗಳ ನಡುವೆ ಸಾಕಷ್ಟು ಅಂತರ ಇಡುವುದು. ಯುರೋಪಿನ ಒಕ್ಕೂಟದಲ್ಲಿ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಕಾನೂನಿನಲ್ಲೇ ಇದೆ. ಯಾವ ದಿನಾಂಕಕ್ಕೆ ವಾಪಸ್ ಎಂದು ಬರೆಯಲು ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಊರಿನವರು ಮಾಡಬಹುದಾದದ್ದು: ಸಿಸ್ಟರ್ ಹೊಸಬರಾಗಿದ್ದರೆ ದಾರಿ ತೋರಿಸಿ. ಔಷಧ ಬಂದಿಲ್ಲ ಎಂದರೆ ಅವರ ಮೇಲೆ ಕೂಗಬೇಡಿ, ಸರಬರಾಜು ಅವರ ಕೈಯಲ್ಲಿಲ್ಲ. ಹಲ್ಲೆ ಮಾಡಿದರಂತೂ 2009ರ ಕರ್ನಾಟಕ ಕಾಯ್ದೆಯಡಿ ಜೈಲು, ದಂಡ ಎರಡೂ ಇವೆ. ಅದು ಜಾಮೀನುರಹಿತ ಅಪರಾಧ.

ನರ್ಸ್‌ಗಳಿಗೆ ಗೊತ್ತಿರಬೇಕಾದ ಇನ್ನೊಂದು ಕಾನೂನು 2013ರದ್ದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಗುತ್ತಿಗೆ ನೌಕರರಿಗೂ ಇದು ಅನ್ವಯ. ಮನೆ ಭೇಟಿಗೆ ಹೋದ ಮನೆ ಕೂಡ ಕೆಲಸದ ಜಾಗವೇ. ಕಚೇರಿಯಲ್ಲಿ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು.

ಯಾವಾಗ ಸಹಾಯ ಕೇಳಬೇಕು?

ಎರಡು ವಾರಕ್ಕಿಂತ ಹೆಚ್ಚು ದಿನ ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಪೂರ್ತಿ ಏರುಪೇರಾಗುವುದು, ಡ್ಯೂಟಿ ನೆನೆದರೆ ಅಳು ಬರುವುದು, ಮಾತ್ರೆ ಅಥವಾ ಮದ್ಯ ಇಲ್ಲದೆ ಮಲಗಲಾಗದಿರುವುದು. ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ‘ಬದುಕಿದ್ದು ಏನು ಪ್ರಯೋಜನ’ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬೇಕಿಲ್ಲ, ಅದೇ ದಿನ ಯಾರಿಗಾದರೂ ಹೇಳಿ.

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಪಾಳಿಯ ನಡುವೆ ಕೂಡ.

ಎದುರಾಎದುರು ಕಾಣಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಸಾಗರದಿಂದ ಸುಮಾರು 70, ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಆಗದವರಿಗಾಗಿ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದ್ದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವುದು ಅದರ ಉದ್ದೇಶ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ತಾವು ಕೆಲಸ ಮಾಡುವ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಲು ಮುಜುಗರ ಇದ್ದರೆ ಪಕ್ಕದ ತಾಲ್ಲೂಕಿಗೆ ಹೋಗುವುದರಲ್ಲಿ ತಪ್ಪೇನಿಲ್ಲ.

ಇಂದು ದೇಶದ ಉದ್ದಗಲಕ್ಕೆ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ಕರ್ನಾಟಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಅವರೇ ಮಾನಸಿಕ ಕಾಯಿಲೆಗಳನ್ನು ಗುರುತಿಸಬಲ್ಲರು ಎಂದು ಅಲ್ಲಿ ತೋರಿಸಿಕೊಟ್ಟರು. ಬೇರೆಯವರ ಮನಸ್ಸಿನ ನೋವು ಗುರುತಿಸಲು ನಾವು ನಂಬಿದ್ದು ಇದೇ ಸಿಸ್ಟರುಗಳನ್ನು. ಅವರ ನೋವು ಗುರುತಿಸುವ ಸರದಿ ಈಗ ನಮ್ಮದು.

ಗ್ರೂಪ್‌ಗೆ ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಮಾಡಿ

1. ಒತ್ತಡ ದೌರ್ಬಲ್ಯವಲ್ಲ. ಹೆಚ್ಚು ಭಾರ, ಕಡಿಮೆ ಹಿಡಿತ, ಆಸರೆ ಇಲ್ಲದಿರುವುದು ಅದರ ಕಾರಣಗಳು.
2. ರಾತ್ರಿ ಡ್ಯೂಟಿ ಮುಗಿಸಿದವರು ಗಾಡಿ ಓಡಿಸುವುದು ಕುಡಿದು ಓಡಿಸಿದಷ್ಟೇ ಅಪಾಯ. ಮನೆಯವರು ಕರೆತನ್ನಿ.
3. ನಿದ್ದೆ ಮಾತ್ರೆ ಸ್ವಂತವಾಗಿ ತೆಗೆದುಕೊಳ್ಳಬೇಡಿ, ತಟ್ಟನೆ ಬಿಡಲೂ ಬೇಡಿ.
4. ಮಂಗನ ಕಾಯಿಲೆ ನರ್ಸ್‌ನಿಂದ ಹರಡುವುದಿಲ್ಲ, ಉಣ್ಣೆಯಿಂದ ಹರಡುತ್ತದೆ.
5. ಮನಸ್ಸು ಭಾರವಾದರೆ 14416. ಕನ್ನಡದಲ್ಲಿ, ಉಚಿತವಾಗಿ, ಯಾವ ಹೊತ್ತಿಗೂ.